ಒಂದೇ ಲೆಗ್ ಪ್ರೆಸ್‌ಗೆ (ಕಾಲಲ್ಲಿ ಭಾರ ಒತ್ತುವ ಮಷಿನ್) ಜಾಗ ಇದೆ, ಯಾವುದು ತಗೊಳ್ಳಲಿ?

ತಿಪಟೂರು ಜಿಮ್:
ಒಂದನೇ ಮಹಡಿಯಲ್ಲಿ ಚಿಕ್ಕ ಜಿಮ್ ನಡೆಸುತ್ತಿದ್ದೇನೆ. ಕಾಲಿಗೆ ಅಂತ ಇರುವುದು ಹೆಗಲ ಮೇಲೆ ಭಾರ ಹೊತ್ತು ಕೂತೇಳುವ ಸ್ಕ್ವಾಟ್ ರ್ಯಾಕ್ ಒಂದೇ. ಬೆಳಗ್ಗೆ ಬರುವವರಲ್ಲಿ ಈಗ ಹೆಂಗಸರು, ರಿಟೈರ್ ಆದವರೇ ಜಾಸ್ತಿ, ಅವರು ರ್ಯಾಕ್ ಹತ್ತಿರ ಸುಳಿಯುವುದೂ ಇಲ್ಲ. ಹುಡುಗರಿಗೆ ಒರಗಿಕೊಂಡು, ಪ್ಲೇಟ್ ಹಾಕಿದ ಗಾಡಿಯನ್ನು ಇಳಿಜಾರಲ್ಲಿ ಮೇಲಕ್ಕೆ ತಳ್ಳುವ 45 ಡಿಗ್ರಿದೇ ಬೇಕಂತೆ. ಡೀಲರ್ ಮಾತ್ರ ಕೂತು ಒತ್ತುವ, ಸೀಟು ಹಿಂದೆ ಮುಂದೆ ಆಗುವ, ಎಷ್ಟು ಪ್ಲೇಟ್ ಬೇಕೋ ಅಲ್ಲಿಗೆ ಪಿನ್ ಸಿಕ್ಕಿಸುವ ಮಷಿನ್ ತೋರಿಸುತ್ತಿದ್ದಾನೆ. ಏನು ಮಾಡಲಿ?

ಹಳೇ ಕೋಚ್:
ಕೂತು ಒತ್ತುವುದೇ ತಗೊಳ್ಳಿ. 45 ಡಿಗ್ರಿದರಲ್ಲಿ ಒಂದು ಪ್ಲೇಟೂ ಹಾಕದಿದ್ದರೂ ಆ ಗಾಡಿಯದ್ದೇ ಭಾರ ಇರುತ್ತದೆ, ಮಂಡಿ ನೋವಿನ ಆಂಟಿಗೆ ಅದೇ ಜಾಸ್ತಿ. ಪಿನ್ ಮಷಿನ್‌ನಲ್ಲಿ ಒಂದೇ ಪ್ಲೇಟ್‌ನಿಂದ ಶುರು ಮಾಡಬಹುದು. ಆದರೆ ದುಡ್ಡು ಕೊಡುವ ಮೊದಲು ಸೀಟನ್ನು ಪೂರ್ತಿ ಮುಂದಿನ ತೂತಿಗೆ ಹಾಕಿ, ನಿಮ್ಮಲ್ಲಿ ಎಲ್ಲರಿಗಿಂತ ಕುಳ್ಳಗಿರುವವರನ್ನು ಕೂರಿಸಿ ನೋಡಿ. ಮಂಡಿ ಹತ್ತಿರ ಹತ್ತಿರ 90 ಡಿಗ್ರಿ ಮಡಚಬೇಕು. ನಾವು ನೋಡದೆ ತಂದೆವು, ಐದು ಅಡಿಯವರು ಕೂತರೆ ಕಾಲು ಆಗಲೇ ಅರ್ಧ ಚಾಚಿರುತ್ತಿತ್ತು, ಬೆನ್ನ ಹಿಂದೆ ಯೋಗ ಮ್ಯಾಟ್ ಮಡಚಿ ಇಟ್ಟುಕೊಂಡು ವರ್ಷ ತಳ್ಳಿದೆವು. ಉದ್ದ ಇರುವವರಿಗೆ ಉಲ್ಟಾ, ಸೀಟು ಹಿಂದೆ ಹೋಗದಿದ್ದರೆ ಮಂಡಿ ಎದೆಗೆ ಬಂದು ಸೊಂಟ ಸೀಟಿನಿಂದ ಏಳುತ್ತದೆ. ನಡು ಹಿಡಿದುಕೊಳ್ಳುವುದು ಅಲ್ಲೇ.

ದಾವಣಗೆರೆ ಹೈದ:
ಆರು ತಿಂಗಳಲ್ಲಿ ಹುಡುಗರು ಪಿನ್ ಮಷಿನ್‌ನ ಪೂರ್ತಿ ಸ್ಟ್ಯಾಕ್, ಅಂದ್ರೆ ಅದರಲ್ಲಿರೋ ಅಷ್ಟೂ ಪ್ಲೇಟು, ಒತ್ತಿ ಬಿಸಾಕ್ತಾರೆ ಗುರೂ. ನಾನು 45 ಡಿಗ್ರಿದರಲ್ಲಿ 200 ಕೆಜಿ ಹಾಕ್ತೀನಿ.

ಹಳೇ ಕೋಚ್:
ಇಳಿಜಾರು ಅಲ್ವಾ, ಆ 200 ಕಾಲಿಗೆ ಬರುವ ಹೊತ್ತಿಗೆ ಸುಮಾರು 140. ಅದೂ ನಾಲ್ಕು ಬೆರಳು ಇಳಿಸಿ ವಾಪಸ್ ತಳ್ಳದಿದ್ದರೆ 😄 ಪಿನ್ ಮಷಿನ್ ಮೇಲಿನ ನಂಬರನ್ನೂ ಪೂರ್ತಿ ನಂಬಬೇಡಿ, ಪುಲ್ಲಿ ಕೂರಿಸಿರುವ ರೀತಿ ನೋಡಿ ಭಾರ ಬದಲಾಗುತ್ತದೆ. ಸ್ಟ್ಯಾಕ್ ಸಾಲದು ಅನ್ನುವವರಿಗೆ ಒಂದೇ ಕಾಲಲ್ಲಿ ಒತ್ತಲು ಹೇಳಿ, ಸುಮ್ಮನಾಗುತ್ತಾರೆ.

ರಿಪೇರಿಯವನು:
ಕೇಬಲ್ ಮರೀಬೇಡಿ. ಪುಲ್ಲಿ ಮೇಲೆ ಹಾಯುವ ಕಡೆ, ತುದಿಯ ಬೋಲ್ಟ್ ಹತ್ತಿರ ಮೇಲಿನ ಪ್ಲಾಸ್ಟಿಕ್ ಒಡೆದು ಒಳಗಿನ ತಂತಿ ಕಂಡರೆ ಅವತ್ತೇ ಮಷಿನ್ ನಿಲ್ಲಿಸಿ, ನಾಳೆ ನೋಡೋಣ ಅನ್ನಬೇಡಿ. ಪ್ಲೇಟ್‌ಗಳು ಮೇಲೆ ಕೆಳಗೆ ಜಾರುವ ರಾಡ್‌ಗೆ ಗ್ರೀಸ್ ಬೇಡ, ಧೂಳು ಮೆತ್ತಿಕೊಂಡು ಕಪ್ಪಗಾಗುತ್ತದೆ. ಒರೆಸಿ ಸಿಲಿಕಾನ್ ಸ್ಪ್ರೇ ಹೊಡೆಯಿರಿ. ಪಿನ್ ಕಳೆದರೆ ಅದರದೇ ಪಿನ್ ತರಿಸಿ. ಮೊಳೆ ಸಿಕ್ಕಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ತಿಪಟೂರು ಜಿಮ್:
ನಿನ್ನೆ ಅಮ್ಮನನ್ನೇ ಕರೆದುಕೊಂಡು ಹೋಗಿದ್ದೆ, 4 ಅಡಿ 11 ಇಂಚು. ಡೀಲರ್ ಹೊಗಳುತ್ತಿದ್ದ ಮಷಿನ್‌ನಲ್ಲಿ ಮಂಡಿ ಮಡಚಲೇ ಇಲ್ಲ. ಮೂಲೆಯಲ್ಲಿದ್ದ ಇನ್ನೊಂದರ ಸೀಟು ಎರಡು ತೂತು ಜಾಸ್ತಿ ಮುಂದೆ ಬಂತು, ಅದು ಸರಿಹೋಯಿತು. ಅಡ್ವಾನ್ಸ್ ಕೊಟ್ಟೆ. ಅಮ್ಮ ಹತ್ತು ಸಲ ಒತ್ತಿ, ಇಳಿಯುವ ಮೊದಲೇ ಕೇಳಿದರು: "ಇದರ ಅಡಿ ಕಸ ಹೆಂಗೋ ಗುಡಿಸ್ತೀಯ?"