ಓದು ಬಿಗಿಯಾಗಿರುವ ಚಾರ್ಟರ್ ಶಾಲೆಯನ್ನು ಮಕ್ಕಳು ಏಕೆ ಬಿಡುತ್ತಾರೆ?

ಪ್ರಶ್ನೆ (ತಾಯಿ, ಆಸ್ಟಿನ್, ಟೆಕ್ಸಾಸ್): ಮೇಡಂ, ನಮಸ್ಕಾರ. ನಮ್ಮದು ದಾವಣಗೆರೆ, ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತು. ಮಗಳಿಗೆ ಐದನೇ ತರಗತಿಯಲ್ಲಿ ಲಾಟರಿಯಿಂದ ಒಂದು ಚಾರ್ಟರ್ ಶಾಲೆಯಲ್ಲಿ (ಸರ್ಕಾರದ ಹಣದಲ್ಲಿ ನಡೆದರೂ ಸ್ವತಂತ್ರ ಆಡಳಿತವಿರುವ ಶಾಲೆ) ಸೀಟು ಸಿಕ್ಕಿತು. ಈಗ ಏಳನೇ ತರಗತಿ. ಅಂಕಗಳು ಚೆನ್ನಾಗಿಯೇ ಇವೆ. ಆದರೆ ರಾತ್ರಿ ಹನ್ನೊಂದರವರೆಗೆ ಹೋಂವರ್ಕ್, ಭಾನುವಾರ ಸಂಜೆಯಾದರೆ ಹೊಟ್ಟೆನೋವು. ಕಳೆದ ಬೇಸಿಗೆಯಲ್ಲಿ ಅವಳ ತರಗತಿಯ ಆರು ಮಕ್ಕಳು ಶಾಲೆ ಬಿಟ್ಟರು. ಈಗ ಇವಳೂ ಮನೆಯ ಹತ್ತಿರದ ಡಿಸ್ಟ್ರಿಕ್ಟ್ ಶಾಲೆಗೆ, ಅಂದರೆ ಈ ಪ್ರದೇಶದ ಸಾಮಾನ್ಯ ಸರ್ಕಾರಿ ಶಾಲೆಗೆ, ಹೋಗುತ್ತೇನೆ ಎನ್ನುತ್ತಿದ್ದಾಳೆ. "ಪಿಯುಸಿಯಲ್ಲಿ ನಾವೂ ಹೀಗೆಯೇ ಓದಿದ್ದು, ಸಿಕ್ಕ ಸೀಟು ಬಿಡಬಾರದು" ಎಂಬುದು ನಮ್ಮ ಯಜಮಾನರ ಮಾತು. ಒಳ್ಳೆಯ ಶಾಲೆಯಾದರೆ ಇಷ್ಟು ಮಕ್ಕಳು ಏಕೆ ಬಿಡುತ್ತಾರೆ?

ಉತ್ತರ (ಶಾಲಾ ಆಪ್ತಸಮಾಲೋಚಕಿ): ನಮಸ್ಕಾರ. ಮೊದಲು ಹೊಟ್ಟೆನೋವಿನ ವಿಷಯ. ಅದನ್ನು ನೆಪ ಎಂದುಕೊಳ್ಳಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ವಾರದ ಒಂದೇ ಹೊತ್ತಿಗೆ ಬರುವ ನೋವು ಬಹಳ ಸಲ ಆತಂಕದ ಗುರುತು.

ಇನ್ನು ನಿಮ್ಮ ಪ್ರಶ್ನೆ. ಓದಲಾಗದ ಮಕ್ಕಳು ಮಾತ್ರ ಬಿಡುತ್ತಾರೆ ಎಂಬ ನಂಬಿಕೆ ನಮ್ಮವರಲ್ಲಿ ಗಟ್ಟಿಯಾಗಿದೆ. ನನ್ನ ಬಳಿಗೆ ಬಂದವರಲ್ಲಿ ಅನೇಕರು ನಿಮ್ಮ ಮಗಳಂತೆಯೇ ಒಳ್ಳೆಯ ಅಂಕ ಪಡೆಯುತ್ತಿದ್ದವರು. ನಿದ್ದೆ ಕೆಡುತ್ತದೆ, ಗೆಳತಿಯರು ಒಬ್ಬೊಬ್ಬರಾಗಿ ಹೋಗುತ್ತಾರೆ, ಬ್ಯಾಂಡ್ ಇಲ್ಲ, ಆಟದ ತಂಡ ಇಲ್ಲ, ಶಾಲೆಯ ಬಸ್ಸೂ ಇಲ್ಲ. ಎಂಟನೇ ತರಗತಿ ಮುಗಿದಾಗ ದೊಡ್ಡ ಹೈಸ್ಕೂಲು ಇದೆಲ್ಲವನ್ನೂ ಕೊಡುತ್ತೇನೆ ಎಂದು ಕರೆಯುತ್ತದೆ.

ಶಾಲೆಯ ಕಟ್ಟುಪಾಡಿನ ಪಾತ್ರವೂ ಇದೆ. ಅರಿಜೋನಾದ ಟೂಸಾನ್‌ನಲ್ಲಿ 1998ರಲ್ಲಿ ಶುರುವಾದ ಬೇಸಿಸ್ ಎಂಬ ಚಾರ್ಟರ್ ಶಾಲೆಗಳು ಯು.ಎಸ್. ನ್ಯೂಸ್ ಪತ್ರಿಕೆಯ 2018ರ ಅತ್ಯುತ್ತಮ ಹೈಸ್ಕೂಲುಗಳ ಪಟ್ಟಿಯಲ್ಲಿ ದೇಶದ ಮೊದಲ ಐದೂ ಸ್ಥಾನಗಳನ್ನು ಪಡೆದವು. ಅಲ್ಲಿ ಆರನೇ ತರಗತಿಯಿಂದಲೇ ವರ್ಷಾಂತ್ಯದ ಸಮಗ್ರ ಪರೀಕ್ಷೆ. ನ್ಯೂಯಾರ್ಕಿನ ಚಾರ್ಟರ್ ಶಾಲೆ ಸಕ್ಸೆಸ್ ಅಕಾಡೆಮಿ 2006ರಲ್ಲಿ ಹಾರ್ಲೆಮ್‌ನಲ್ಲಿ ಆರಂಭವಾಯಿತು. ಆ ವರ್ಷ ಒಂದನೇ ತರಗತಿಯಲ್ಲಿದ್ದ 73 ಮಕ್ಕಳ ಪೈಕಿ 2018ರಲ್ಲಿ ಅಲ್ಲಿಯೇ ಹನ್ನೆರಡನೇ ತರಗತಿ ಮುಗಿಸಿ ಹೊರಬಂದವರು 16 ಮಂದಿ. ಹನ್ನೆರಡು ವರ್ಷದಲ್ಲಿ ಮನೆ ಬದಲಿಸಿದವರೂ ಇರುತ್ತಾರೆ, ಹಾಗಾಗಿ ಪೂರ್ತಿ ಹೊಣೆಯನ್ನು ಶಾಲೆಯ ಮೇಲೆ ಹೊರಿಸಲಾಗದು. ಆ ನಗರದ ಸ್ವತಂತ್ರ ಬಜೆಟ್ ಕಚೇರಿ 2014ರಲ್ಲಿ ಲೆಕ್ಕ ಹಾಕಿದಾಗ, ಒಟ್ಟಾರೆ ಚಾರ್ಟರ್ ಶಾಲೆಗಳ ಮಕ್ಕಳು ಸುತ್ತಲಿನ ಸಾಮಾನ್ಯ ಶಾಲೆಗಳವರಿಗಿಂತ ಹೆಚ್ಚಾಗಿಯೇ ತಮ್ಮ ಶಾಲೆಯಲ್ಲಿ ಉಳಿದಿದ್ದರು. ವ್ಯತ್ಯಾಸವಿರುವುದು ಖಾಲಿಯಾದ ಜಾಗದಲ್ಲಿ. ಡಿಸ್ಟ್ರಿಕ್ಟ್ ಶಾಲೆ ತನ್ನ ವ್ಯಾಪ್ತಿಯಲ್ಲಿ ವಾಸಿಸುವ ಮಗುವನ್ನು ವರ್ಷದ ನಡುವೆಯೂ ಸೇರಿಸಿಕೊಳ್ಳಲೇಬೇಕು. ಬಿಗಿಯಾದ ಹಲವು ಚಾರ್ಟರ್ ಶಾಲೆಗಳು ಮೇಲಿನ ತರಗತಿಗಳಿಗೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ತರಗತಿ ಕರಗುತ್ತಾ ಹೋಗುತ್ತದೆ, ಕೊನೆಗೆ ಪಟ್ಟಿಯಲ್ಲಿ ಕಾಣುವ ಫಲಿತಾಂಶ ಉಳಿದವರದು. ಅದನ್ನು ನೋಡಿ ನಿಮ್ಮ ಮಗಳನ್ನು ಅಳೆಯಬೇಡಿ.

ಅವಳನ್ನು ಒಂದೇ ಒಂದು ಮಾತು ಕೇಳಿ: ಮಧ್ಯಾಹ್ನ ಯಾರ ಜೊತೆ ಕುಳಿತು ಊಟ ಮಾಡುತ್ತೀಯ?

ಪ್ರಶ್ನೆ (ಅದೇ ಮಗುವಿನ ತಂದೆ): ಮೇಡಂ, ನನ್ನ ಭಯ ಕಾಲೇಜಿನದು. ಈಗ ಬಿಟ್ಟರೆ ಮುಂದೆ ಹಿನ್ನಡೆಯಾಗುವುದಿಲ್ಲವೇ?

ಉತ್ತರ: ಸರ್, ನಿಮ್ಮ ಭಯ ನನಗೆ ಗೊತ್ತು. ಸಿಇಟಿಯ ಒಂದು ರ‍್ಯಾಂಕ್ ಬದುಕನ್ನೇ ತಿರುಗಿಸುವುದನ್ನು ಕಂಡು ಬೆಳೆದವರು ನಾವು. ಇಲ್ಲಿ ಪ್ರವೇಶ ನಿರ್ಧರಿಸುವವರು ಮಗು ತನ್ನ ಶಾಲೆಯಲ್ಲಿ ಲಭ್ಯವಿದ್ದುದನ್ನು ಎಷ್ಟು ಬಳಸಿಕೊಂಡಿತು ಎಂದು ನೋಡುತ್ತಾರೆ. ಎಪಿ ಪಾಠಗಳು, ಅಂದರೆ ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಪಾಠಗಳು, ಡಿಸ್ಟ್ರಿಕ್ಟ್ ಹೈಸ್ಕೂಲುಗಳಲ್ಲೂ ಇವೆ.

ಟೆಕ್ಸಾಸ್‌ನಲ್ಲಿ ಇನ್ನೊಂದು ಲೆಕ್ಕವಿದೆ. 1997ರ ಕಾನೂನಿನಂತೆ, ಹೈಸ್ಕೂಲಿನ ತಮ್ಮ ತರಗತಿಯಲ್ಲಿ ಅಂಕಗಳ ಲೆಕ್ಕದಲ್ಲಿ ಮೊದಲ ಶೇಕಡಾ 10ರಲ್ಲಿ ಇರುವವರಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ನ ವಿಶ್ವವಿದ್ಯಾಲಯದಲ್ಲಿ ಈ ಮಿತಿ ಇನ್ನೂ ಬಿಗಿ, ಬಯಸಿದ ವಿಭಾಗವೇ ಸಿಗುತ್ತದೆ ಎಂಬ ಖಾತರಿಯೂ ಇಲ್ಲ. ನಲವತ್ತು ಜಾಣರ ತರಗತಿಯಲ್ಲಿ ಮೊದಲ ನಾಲ್ವರಲ್ಲಿ ಒಬ್ಬಳಾಗುವುದು ಎಷ್ಟು ಕಷ್ಟ, ಯೋಚಿಸಿ. ಒಂಬತ್ತನೇ ತರಗತಿಗೆ ಶಾಲೆ ಬದಲಿಸುವ ಎಷ್ಟೋ ಮನೆಗಳಲ್ಲಿ ಈ ಲೆಕ್ಕವೂ ನಡೆಯುತ್ತದೆ. ಆದರೆ ಹನ್ನೆರಡು ವರ್ಷದ ಮಗುವಿನ ಮುಂದೆ ಇದನ್ನು ಆಡಬೇಡಿ.

ಬಿಡುವುದೇ ಆದರೆ ವರ್ಷ ಮುಗಿಸಿ ಬಿಡಿ. ಹೊಸ ಶಾಲೆಯಲ್ಲಿ ಗಣಿತಕ್ಕೆ ಯಾವ ಹಂತದಲ್ಲಿ ಕೂರಿಸುತ್ತಾರೆ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿ. ಕಲಿತದ್ದನ್ನೇ ಮತ್ತೆ ಕಲಿಸಿದರೆ ಅದು ಬೇರೆ ಬೇಸರ. ಬಿಟ್ಟ ಸೀಟು ಮರಳಿ ಸಿಗುವುದು ಕಷ್ಟ ಎಂಬುದನ್ನು ಅವಳಿಗೂ ತಿಳಿಸಿ.

ತಾಯಿ: ಮೇಡಂ, ನಾಳೆ ವೈದ್ಯರ ಭೇಟಿ ಇದೆ. ಊಟದ ಮಾತನ್ನು ನಿನ್ನೆ ರಾತ್ರಿ ಕೇಳಿದೆ. ಆಗಸ್ಟ್‌ನಿಂದಲೂ ಗ್ರಂಥಾಲಯದಲ್ಲಿ ಒಬ್ಬಳೇ ಕುಳಿತು ಡಬ್ಬಿ ಬಿಚ್ಚುತ್ತಿದ್ದಾಳಂತೆ. ಇವರೂ ಅಲ್ಲೇ ಇದ್ದರು, ಕೇಳಿಸಿಕೊಂಡರು.