ಚೊಚ್ಚಲ ಹೆರಿಗೆಯ ಭಯ ಇನ್ನೂ ಬಿಟ್ಟಿಲ್ಲ: ಎರಡನೆಯದಕ್ಕೆ ಮೊದಲೇ ಸಿಸೇರಿಯನ್ ಕೇಳಬಹುದೇ?

ಪ್ರಶ್ನೆ: ವಿದ್ಯಾನಗರದ ಶಿಕ್ಷಕಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೀಗ ಏಳನೆಯ ತಿಂಗಳು. ಇದು ಎರಡನೆಯ ಬಸಿರು. ಮಗನಿಗೆ ನಾಲ್ಕು ವರ್ಷ. ಅವನು ಹುಟ್ಟಿದ್ದು ಖಾಸಗಿ ಆಸ್ಪತ್ರೆಯೊಂದರಲ್ಲಿ. ದಿನ ತುಂಬಿದರೂ ನೋವು ಕಾಣಿಸಿಕೊಳ್ಳದ್ದರಿಂದ ದಾಖಲಿಸಿಕೊಂಡು, ನೋವು ಬರಿಸುವ ಡ್ರಿಪ್ ಹಚ್ಚಿದರು. ಒಂದು ಹಗಲು, ಒಂದು ರಾತ್ರಿ ನೋವು ತಿಂದ ಮೇಲೆ ಕೂಸಿನ ಎದೆಬಡಿತ ಇಳಿಯುತ್ತಿದೆ ಎಂದು ಗಡಿಬಿಡಿಯಾಯಿತು. ಒಬ್ಬರು ಸ್ಟೂಲಿನ ಮೇಲೆ ನಿಂತು ನನ್ನ ಹೊಟ್ಟೆಯನ್ನು ಮೊಣಕೈಯಿಂದ ಕೆಳಕ್ಕೆ ಒತ್ತಿದರು. ವೈದ್ಯರು ಇಕ್ಕಳ ಹಾಕಿ ಕೂಸನ್ನು ತೆಗೆದರು. ಏನು ಮಾಡುತ್ತಿದ್ದಾರೆ, ಏಕೆ ಮಾಡುತ್ತಿದ್ದಾರೆ ಎಂದು ಯಾರೊಬ್ಬರೂ ನನಗೆ ಹೇಳಲಿಲ್ಲ, ಕಿರುಚಿದ್ದಕ್ಕೆ ಗದರಿದರು. ಕೂಸು ಅಳಲಿಲ್ಲ. ಅದನ್ನು ಎತ್ತಿಕೊಂಡು ಹೊರಗೆ ಹೋದವರು ಮರಳಿ ಬರುವವರೆಗೆ, ಬದುಕಿದೆಯೋ ಇಲ್ಲವೋ ತಿಳಿಯದೆ, ಹೊಲಿಗೆ ಹಾಕಿಸಿಕೊಳ್ಳುತ್ತ ಛಾವಣಿಯ ಫ್ಯಾನ್ ನೋಡುತ್ತ ಮಲಗಿದ್ದೆ.

ಮಗ ಆರೋಗ್ಯವಾಗಿದ್ದಾನೆ, ಅದು ದೇವರ ದಯೆ. ಆದರೆ ಮಲದ್ವಾರದವರೆಗೂ ಹರಿದಿದ್ದರಿಂದ ಬಾಣಂತನವಿಡೀ ಕೂರಲಾಗಲಿಲ್ಲ. ಗಾಳಿ ಹಿಡಿದುಕೊಳ್ಳಲಾಗದ ತೊಂದರೆ ಬಹಳ ಕಾಲ ಇತ್ತು, ಈಗಲೂ ಆಗೊಮ್ಮೆ ಈಗೊಮ್ಮೆ ಇದೆ. ಇದನ್ನು ಹೆತ್ತ ತಾಯಿಗೂ ಹೇಳಿಕೊಂಡಿಲ್ಲ. ಆ ಆಸ್ಪತ್ರೆಯ ರಸ್ತೆ ಬಂದರೆ ಇಂದಿಗೂ ಆಟೋದವರಿಗೆ ಬೇರೆ ದಾರಿ ಹಿಡಿಯಲು ಹೇಳುತ್ತೇನೆ. ದಿನ ಹತ್ತಿರ ಬಂದಂತೆಲ್ಲ ರಾತ್ರಿ ಬೆಚ್ಚಿ ಏಳುವುದು ಹೆಚ್ಚಾಗಿದೆ.

ಈ ಸಲ ನೋವಿಗಾಗಿ ಕಾಯದೆ, ಮೊದಲೇ ದಿನ ನಿಗದಿ ಮಾಡಿ ಸಿಸೇರಿಯನ್ ಮಾಡಿಸಿಕೊಳ್ಳಬೇಕೆಂದು ನನ್ನ ಮನಸ್ಸು. ಈಗ ನೋಡುತ್ತಿರುವ ವೈದ್ಯೆ, ಮೊದಲನೆಯದು ನಾರ್ಮಲ್ ಆಗಿರುವಾಗ ಶಸ್ತ್ರಚಿಕಿತ್ಸೆಗೆ ಕಾರಣವೇ ಇಲ್ಲ ಎಂದರು. ಅತ್ತೆಯವರದೂ ಅದೇ ಮಾತು: ಎರಡನೆಯದು ಸಲೀಸು, ಸುಮ್ಮನೆ ಕೊಯ್ಯಿಸಿಕೊಂಡು ಸೊಂಟ ಹಾಳುಮಾಡಿಕೊಳ್ಳಬೇಡ ಎನ್ನುತ್ತಾರೆ. ಯಜಮಾನರು ನಿನ್ನಿಷ್ಟ ಎನ್ನುತ್ತಾರೆಯೇ ಹೊರತು ಹಿರಿಯರೆದುರು ಬಾಯಿ ಬಿಡುವುದಿಲ್ಲ. ಭಯ ಎಂಬುದು ಸಿಸೇರಿಯನ್ ಕೇಳಲು ಒಂದು ಕಾರಣವಾಗುತ್ತದೆಯೇ? ಇಂಥ ಹೆರಿಗೆಯಾದವರು ಮುಂದೆ ಏನು ಮಾಡಿದಿರಿ? ದಯವಿಟ್ಟು ತಿಳಿದವರು ಹೇಳಿ.

ಉತ್ತರ: ಇಬ್ಬರು ಹೆಣ್ಣುಮಕ್ಕಳ ತಾಯಿ, ಹೊಳಲ್ಕೆರೆ

ಸಹೋದರಿ, ನೀವು ಬರೆದಿರುವುದನ್ನು ಓದಿ ಕಣ್ಣು ತುಂಬಿತು. ನನ್ನ ಹಿರಿಯ ಮಗಳ ಹೆರಿಗೆಯೂ ಹೆಚ್ಚುಕಡಿಮೆ ಹೀಗೆಯೇ ಆಗಿತ್ತು. ಎರಡನೆಯದಕ್ಕೆ ನಾನು ಸಿಸೇರಿಯನ್ನನ್ನೇ ಕೇಳಿ ಮಾಡಿಸಿಕೊಂಡೆ. ಮೊದಲು ನೋಡಿದ ವೈದ್ಯರು ಒಪ್ಪಲಿಲ್ಲ. ಚಿತ್ರದುರ್ಗದಲ್ಲಿ ಇನ್ನೊಬ್ಬರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಹಳೆಯ ಕಾಗದಪತ್ರ ನೋಡಿ, ಎರಡೂ ಕಡೆಯ ಅಪಾಯಗಳನ್ನು ವಿವರಿಸಿದ ಮೇಲೆ ಒಪ್ಪಿದರು.

ನನಗೆ ಮುಖ್ಯವೆನಿಸಿದ್ದು ಶಸ್ತ್ರಚಿಕಿತ್ಸೆಗಿಂತಲೂ ಅಲ್ಲಿ ನನ್ನೊಂದಿಗೆ ಆಡಿದ ಮಾತು. ಬೆನ್ನಿಗೆ ಇಂಜೆಕ್ಷನ್ ಕೊಡುವಾಗ ಒಬ್ಬ ಸಿಸ್ಟರ್ ನನ್ನ ಎರಡೂ ಭುಜ ಹಿಡಿದು ನಿಂತಿದ್ದರು. ಎದೆಯ ಮುಂದೆ ಹಸಿರು ಬಟ್ಟೆ ಕಟ್ಟಿದ ಮೇಲೂ ಅರಿವಳಿಕೆ ವೈದ್ಯರು ತಲೆಯ ಬಳಿಯೇ ಕುಳಿತು, ಈಗ ಎಳೆದಂತಾಗುತ್ತದೆ, ಈಗ ಎದೆ ಒತ್ತಿದಂತಾಗುತ್ತದೆ, ಹೆದರಬೇಡಿ ಎಂದು ಒಂದೊಂದನ್ನೂ ಮೊದಲೇ ಹೇಳುತ್ತಿದ್ದರು. ಹಾಗೆಯೇ ಆಯಿತು, ನೋವಿರಲಿಲ್ಲ, ಒತ್ತಡ ಮಾತ್ರ ತಿಳಿಯುತ್ತಿತ್ತು. ಮಗಳು ಅತ್ತಳು. ಒರೆಸಿ ತಂದು ಅವಳ ಕೆನ್ನೆಯನ್ನು ನನ್ನ ಕೆನ್ನೆಗೆ ತಾಗಿಸಿದರು.

ನಂತರದ ನೋವನ್ನು ಮುಚ್ಚಿಡಲಾರೆ. ಇಂಜೆಕ್ಷನ್ನಿನ ಪ್ರಭಾವ ಇಳಿದ ಮೇಲಿನ ಮೊದಲ ರಾತ್ರಿ ಕಠಿಣವಾಗಿತ್ತು. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಅವಚಿಕೊಳ್ಳಬೇಕು, ಮಗ್ಗುಲಾಗಬೇಕಾದರೆ ಯಾರಾದರೂ ಕೈ ಕೊಡಬೇಕು, ಹೊಟ್ಟೆ ಉಬ್ಬರ ಬೇರೆ. ಮನೆಗೆ ಬಂದ ಮೇಲೆ ಹಿರಿಯ ಮಗಳು ಎತ್ತಿಕೋ ಎಂದು ಅಳುತ್ತಿದ್ದಾಗ ಎತ್ತಿಕೊಳ್ಳಲಾಗದೆ ಪಟ್ಟ ಸಂಕಟ ಹೊಲಿಗೆಯ ನೋವಿಗಿಂತ ಹೆಚ್ಚಿನದು. ನಿಮ್ಮ ಮಗನಿಗೆ ನಾಲ್ಕೇ ವರ್ಷವಾದ್ದರಿಂದ, ಒಂದೂವರೆ ತಿಂಗಳಾದರೂ ಅವನನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳಿ.

ಇನ್ನೊಂದು ಮಾತು. ದಿನ ನಿಗದಿಯ ಸುದ್ದಿ ಮನೆಯಲ್ಲಿ ತಿಳಿಯುತ್ತಲೇ ನಮ್ಮ ಮಾವನವರು ಪಂಚಾಂಗ ತೋರಿಸಿ, ಒಳ್ಳೆಯ ನಕ್ಷತ್ರವೆಂದು ಎರಡು ವಾರ ಮುಂಚಿನ ಒಂದು ಬೆಳಗಿನ ಮುಹೂರ್ತವನ್ನು ಬರೆಸಿಕೊಂಡು ಬಂದರು. ವೈದ್ಯರು ಅವರನ್ನು ಕೂರಿಸಿ, 39 ವಾರ ತುಂಬುವ ಮೊದಲು ಕಾರಣವಿಲ್ಲದೆ ತೆಗೆದರೆ ಕೂಸಿಗೆ ಉಸಿರಾಟದ ತೊಂದರೆಯಾಗುವ ಸಾಧ್ಯತೆ ಹೆಚ್ಚು, 39 ದಾಟಿದ ಮೇಲಿನ ಯಾವ ಒಳ್ಳೆಯ ಗಳಿಗೆಯನ್ನಾದರೂ ತನ್ನಿ, ಆಗುವುದಾದರೆ ಅದೇ ಹೊತ್ತಿಗೆ ಮಾಡೋಣ ಎಂದರು. ಮಾವನವರು ಒಪ್ಪಿ ಬೇರೆ ದಿನ ತಂದರು. ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕಾಗಿ ಬರೆದೆ.

ಉತ್ತರ: ನಿವೃತ್ತ ಶುಶ್ರೂಷಾಧಿಕಾರಿ, ಚಿತ್ರದುರ್ಗ

ತಂಗಿ, ನಾನು ಹೆರಿಗೆ ವಾರ್ಡಿನಲ್ಲೇ ಸೇವೆ ಮುಗಿಸಿದವಳು. ನಿಮ್ಮ ಪ್ರಶ್ನೆಯನ್ನು ಭಯದ ಪ್ರಶ್ನೆ ಎಂದಷ್ಟೇ ವೈದ್ಯರ ಮುಂದೆ ಇಡಬೇಡಿ, ಏಕೆಂದರೆ ನಿಮ್ಮ ಬರಹದಲ್ಲಿ ದೇಹದ ಕಾರಣವೂ ಒಂದಿದೆ. ಮಲದ್ವಾರದ ಸುತ್ತಲಿನ ಸ್ನಾಯು ಹರಿದಿದ್ದರೆ ಅದನ್ನು ಮೂರನೆಯ ಅಥವಾ ನಾಲ್ಕನೆಯ ದರ್ಜೆಯ ಹರಿತ ಎಂದು ದಾಖಲಿಸುತ್ತಾರೆ. ಒಮ್ಮೆ ಹಾಗಾದವರಿಗೆ ಮುಂದಿನ ನಾರ್ಮಲ್ ಹೆರಿಗೆಯಲ್ಲಿ ಮತ್ತೆ ಅಷ್ಟೇ ಹರಿಯುವ ಸಾಧ್ಯತೆ ನೂರಕ್ಕೆ 5ರಿಂದ 7ರಷ್ಟು. ಅಂದರೆ ಬಹುತೇಕರಿಗೆ ಹಾಗಾಗುವುದಿಲ್ಲ. ಆದರೆ ಗಾಳಿ ಅಥವಾ ಮಲ ಹಿಡಿದಿಡುವ ತೊಂದರೆ ಇನ್ನೂ ಉಳಿದವರೊಡನೆ ಸಿಸೇರಿಯನ್ ಕುರಿತು ಮಾತನಾಡಲೇಬೇಕು ಎಂಬುದು ಪ್ರಸೂತಿ ತಜ್ಞರಲ್ಲಿ ಒಪ್ಪಿತವಾದ ಮಾತು. ಈಗಲೂ ತೊಂದರೆ ಇದೆ ಎಂಬುದನ್ನು ನೀವು ನಿಮ್ಮ ವೈದ್ಯೆಗೆ ಹೇಳಿದ್ದೀರಾ? ಹೇಳಿಲ್ಲವೆಂದೇ ನನ್ನ ಊಹೆ. ಹೆಣ್ಣುಮಕ್ಕಳು ಇದನ್ನು ನುಂಗಿಕೊಂಡು ವರ್ಷಗಟ್ಟಲೆ ಬದುಕುವುದನ್ನು ನೋಡಿದ್ದೇನೆ. ಅವರು ಕಾರಣವೇ ಇಲ್ಲ ಎಂದದ್ದು ಈ ಸಂಗತಿ ತಿಳಿಯದೆ ಇರಬಹುದು.

ಆದ್ದರಿಂದ ಮೊದಲ ಕೆಲಸ, ಹಳೆಯ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಮತ್ತು ಹೆರಿಗೆಯ ದಾಖಲೆಯ ನಕಲನ್ನು ಪಡೆಯುವುದು. ನೀವು ಆ ಮೆಟ್ಟಿಲು ಹತ್ತಬೇಕಾಗಿಲ್ಲ. ನಿಮ್ಮ ಸಹಿಯಿರುವ ಪತ್ರ ಕೊಟ್ಟು ಯಜಮಾನರನ್ನು ಕಳಿಸಿ. ಎಷ್ಟನೆಯ ದರ್ಜೆಯ ಹರಿತ, ಇಕ್ಕಳ ಏಕೆ ಬೇಕಾಯಿತು, ಕೂಸಿನ ತೂಕ ಎಷ್ಟಿತ್ತು, ತಲೆ ಹೇಗೆ ತಿರುಗಿತ್ತು ಎಂಬುದೆಲ್ಲ ತಿಳಿದರೆ ಈ ಸಲ ಏನಾಗಬಹುದು ಎಂಬುದನ್ನು ವೈದ್ಯರು ಅಂದಾಜಿಲ್ಲದೆ ಹೇಳಬಲ್ಲರು. ಹೊಟ್ಟೆಯ ಮೇಲೆ ಒತ್ತಿದ್ದರ ಬಗ್ಗೆ ಬರೆದಿರಿ. ಹೆರಿಗೆ ಬೇಗ ಆಗಲೆಂದು ಹಾಗೆ ಒತ್ತುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿಲ್ಲ. ತನಗೆ ಬೇಕಾದವರೊಬ್ಬರನ್ನು ಹೆರಿಗೆಯ ಹೊತ್ತಿನಲ್ಲಿ ಜೊತೆಗಿಟ್ಟುಕೊಳ್ಳುವ ಅವಕಾಶ ಹೆರುವವಳಿಗೆ ಇರಬೇಕೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ನಿಮಗೆ ಆದದ್ದು ಎಲ್ಲರಿಗೂ ಆಗುವಂಥದ್ದೇ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಇನ್ನು ಭಯ. ಹೆರಿಗೆಯ ಆಘಾತ ಮನಸ್ಸಿನಲ್ಲಿ ಕಾಯಿಲೆಯಾಗಿ ಉಳಿಯುವುದು ನೂರಕ್ಕೆ ಮೂರು ನಾಲ್ಕು ತಾಯಂದಿರಲ್ಲಿ ಕಂಡುಬಂದಿದೆ. ಬೆಚ್ಚಿ ಏಳುವುದು, ಆ ರಸ್ತೆಯನ್ನೇ ತಪ್ಪಿಸುವುದು ಅದರ ಲಕ್ಷಣಗಳಿರಬಹುದು. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ (NICE) ಸಂಸ್ಥೆಯ ಮಾರ್ಗಸೂಚಿ 2011ರಿಂದಲೂ, ಇಂಥ ತಾಯಿಗೆ ಮೊದಲು ಮಾನಸಿಕ ನೆರವು ಸಿಗಬೇಕು, ಎಲ್ಲ ವಿವರಿಸಿದ ಮೇಲೂ ಆಕೆ ಸಿಸೇರಿಯನ್ನನ್ನೇ ಬಯಸಿದರೆ ಅದಕ್ಕೆ ಅವಕಾಶ ಕೊಡಬೇಕು, ಒಪ್ಪದ ವೈದ್ಯರು ಒಪ್ಪುವವರ ಬಳಿಗೆ ಕಳಿಸಬೇಕು ಎಂದು ಹೇಳುತ್ತ ಬಂದಿದೆ. ಅದು ನಮ್ಮ ದೇಶದ ನಿಯಮವಲ್ಲ, ಆದರೆ ನೀವು ಕೇಳುತ್ತಿರುವುದು ವಿಚಿತ್ರವಾದದ್ದಲ್ಲ ಎಂಬುದಕ್ಕೆ ಆಧಾರ. ಇಲ್ಲಿಯ ವೈದ್ಯರ ಹಿಂಜರಿಕೆಗೂ ಅರ್ಥವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5ರಷ್ಟು ಸಿಸೇರಿಯನ್, ದೇಶದ ಸರಾಸರಿ ಶೇ. 21.5. ಇದರಲ್ಲಿ ಬೇಡದ ಕೊಯ್ತಗಳು ಬಹಳವಿವೆ ಎಂಬ ಸಂಕಟ ನಮಗೆಲ್ಲ ಇದೆ. ಹಾಗೆಂದು ಆ ಅಂಕಿಗಳನ್ನು ಇಳಿಸುವ ಹೊಣೆಯನ್ನು ನಿಮ್ಮೊಬ್ಬರ ಹೊಟ್ಟೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಅಪಾಯಗಳಲ್ಲಿ ನೀವು ಹೆಚ್ಚು ಯೋಚಿಸಬೇಕಾದದ್ದು ಮುಂದಿನ ಬಸಿರಿನ ಕುರಿತು. ರಕ್ತಸ್ರಾವ, ಗಾಯಕ್ಕೆ ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಇವೆಲ್ಲ ಇದ್ದೇ ಇವೆ, ಮೊದಲೇ ನಿಗದಿಯಾದ ಶಸ್ತ್ರಚಿಕಿತ್ಸೆಯಲ್ಲಿ ತುರ್ತಿನದಕ್ಕಿಂತ ಕಡಿಮೆ. ಆದರೆ ಪ್ರತಿ ಸಿಸೇರಿಯನ್ನಿಗೂ ಗರ್ಭಚೀಲದ ಮೇಲೆ ಒಂದು ಗಾಯದ ಗುರುತು ಉಳಿಯುತ್ತದೆ, ಮುಂದಿನ ಸಲ ಕಸ, ಅಂದರೆ ಮಾಸು (ಪ್ಲಾಸೆಂಟಾ), ಅಲ್ಲಿ ಅಂಟಿಕೊಂಡರೆ ಬಿಡಿಸುವುದು ಜೀವಕ್ಕೇ ಕುತ್ತು. 2006ರ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಕಸ ಕೆಳಗೆ, ಗರ್ಭಚೀಲದ ಬಾಯಿಯ ಮೇಲೆ ಕೂತಿದ್ದ ತಾಯಂದಿರ ಪೈಕಿ ಹಿಂದೆ ಒಂದು ಸಿಸೇರಿಯನ್ ಆದವರಲ್ಲಿ ನೂರಕ್ಕೆ 11, ಎರಡು ಆದವರಲ್ಲಿ 40 ಮಂದಿಗೆ ಹೀಗೆ ಅಂಟಿಕೊಂಡಿತ್ತು. ಕಸ ಕೆಳಗೆ ಕೂರುವುದೇ ಅಪರೂಪ, ನಿಜ. ಎರಡೇ ಮಕ್ಕಳು ಸಾಕು ಎಂದು ನೀವಿಬ್ಬರೂ ತೀರ್ಮಾನಿಸಿದ್ದರೆ ಈ ಅಪಾಯ ನಿಮ್ಮನ್ನು ಬಹುಮಟ್ಟಿಗೆ ತಟ್ಟುವುದಿಲ್ಲ. ಮೂರನೆಯದರ ಆಸೆಯಿದ್ದರೆ ಲೆಕ್ಕ ಬೇರೆಯಾಗುತ್ತದೆ. ಈ ಮಾತನ್ನು ಮನೆಯಲ್ಲಿ ಮುಚ್ಚುಮರೆಯಿಲ್ಲದೆ ಆಡಿ ಮುಗಿಸಿಕೊಂಡು ವೈದ್ಯರ ಬಳಿ ಹೋಗಿ.

ನಿಮ್ಮ ಅತ್ತೆಯವರು ಹೇಳುವಂತೆ ಎರಡನೆಯ ನಾರ್ಮಲ್ ಹೆರಿಗೆ ಸಾಮಾನ್ಯವಾಗಿ ಬೇಗ ಆಗುತ್ತದೆ, ಅದು ಸುಳ್ಳಲ್ಲ. ಬೆನ್ನಿನ ಇಂಜೆಕ್ಷನ್ನಿನಿಂದ ಸೊಂಟ ಜೀವನವಿಡೀ ಹಿಡಿಯುತ್ತದೆ ಎಂಬುದಕ್ಕೆ ಮಾತ್ರ ಆಧಾರವಿಲ್ಲ. ಇಂಜೆಕ್ಷನ್ ಕೊಟ್ಟ ಜಾಗ ಕೆಲವು ದಿನ ನೋಯಬಹುದು, ಕೆಲವರಿಗೆ ತಲೆನೋವು ಬರಬಹುದು. ಬಾಣಂತಿಗೆ ನೀರು ಕೊಡಬಾರದು ಎಂಬ ರೂಢಿ ನಿಮ್ಮಲ್ಲಿದ್ದರೆ ಅದನ್ನು ದಯವಿಟ್ಟು ಬಿಡಿಸಿ. ಹೆರಿಗೆ ಹೇಗೇ ಆಗಲಿ, ನೀರಿಲ್ಲದೆ ಮಲ ಗಟ್ಟಿಯಾಗಿ ಮುಕ್ಕಬೇಕಾಗಿ ಬಂದರೆ ಹಳೆಯ ಹರಿತಕ್ಕೂ ಒಳ್ಳೆಯದಲ್ಲ, ಹೊಟ್ಟೆಯ ಹೊಲಿಗೆಗೂ ನೋವು.

ಹಣದ ಚಿಂತೆಯಿದ್ದರೆ, 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸಹ ಉಚಿತ. ಮನಸ್ಸಿನ ಮಾತಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು, ರಾತ್ರಿಯೂ ತೆಗೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿ ಬಾಣಂತಿಯರಿಗೆಂದೇ ಮನೋವೈದ್ಯಕೀಯ ಸೇವೆ ಇದೆ.

ಉತ್ತರ: ಹರಿಹರದಿಂದ ಒಬ್ಬ ತಾಯಿ

ನಾನು ಇನ್ನೊಂದು ದಾರಿ ಹಿಡಿದವಳು, ಅದನ್ನೂ ನೀವು ಕೇಳಬೇಕು. ನನಗೂ ಮೊದಲ ಹೆರಿಗೆಯ ಭಯ ಬಲವಾಗಿತ್ತು, ಆದರೆ ಹರಿತ ಇಷ್ಟು ದೊಡ್ಡದಿರಲಿಲ್ಲ. ಆಪ್ತಸಮಾಲೋಚಕಿಯೊಬ್ಬರ ಬಳಿ ಕೆಲವು ಸಲ ಹೋಗಿ ಆ ರಾತ್ರಿಯನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಬಿಟ್ಟು ಹೇಳಿದ ಮೇಲೆ, ನಾನು ಹೆದರುತ್ತಿದ್ದುದು ನೋವಿಗಿಂತ ಹೆಚ್ಚಾಗಿ, ನನ್ನನ್ನು ಕೇಳದೆ ನನ್ನ ಮೈಮೇಲೆ ಕೈ ಹಾಕುವುದಕ್ಕೆ ಎಂದು ನನಗೇ ಅರಿವಾಯಿತು. ವೈದ್ಯರೊಂದಿಗೆ ಕುಳಿತು ಕೆಲವು ಮಾತುಗಳನ್ನು ಬರೆಸಿಕೊಂಡೆ: ಅಕ್ಕ ಜೊತೆಗಿರಬೇಕು, ನೋವು ತಡೆಯುವ ಎಪಿಡ್ಯೂರಲ್ ಬೇಕು, ಒಂದು ಹಂತ ದಾಟಿಯೂ ಮುಂದುವರಿಯದಿದ್ದರೆ ಇಕ್ಕಳದ ಬದಲು ಥಿಯೇಟರಿಗೆ ಒಯ್ಯಬೇಕು. ಹೆರಿಗೆ ನಾರ್ಮಲ್ ಆಯಿತು, ಮೂರನೆಯ ದಿನ ಮನೆಯಲ್ಲಿದ್ದೆ. ನಿಮಗೆ ಸಿಸೇರಿಯನ್ನೇ ಸರಿಯಿರಬಹುದು. ಆದರೆ ಭಯಕ್ಕೆ ಪ್ರತ್ಯೇಕವಾಗಿ ಮದ್ದು ಮಾಡಿಕೊಳ್ಳದೆ ಹೋದರೆ ಆಪರೇಷನ್ ಟೇಬಲ್ಲಿನ ಮೇಲೂ ಅದೇ ಬೆವರು, ಅದೇ ನಡುಕ ಬರಬಹುದೆಂದು ನನ್ನ ಅನಿಸಿಕೆ.

ಮತ್ತೆ: ವಿದ್ಯಾನಗರದ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಯಜಮಾನರು ಹೋಗಿ ದಾಖಲೆಯ ನಕಲು ತಂದರು. ಮೂರನೆಯ ದರ್ಜೆಯ ಹರಿತ ಎಂದೇ ಬರೆದಿದೆ. ವೈದ್ಯೆಯ ಬಳಿ ಈ ಸಲ ಗಾಳಿಯ ತೊಂದರೆಯನ್ನೂ, ಆ ರಾತ್ರಿಯ ವಿಷಯವನ್ನೂ ಹೇಳಿದೆ. ಅವರು ಸ್ನಾಯುವಿನ ಪರೀಕ್ಷೆ ಮಾಡಿ, ನಿಮ್ಮ ಬಯಕೆ ಅದೇ ಆಗಿದ್ದರೆ 39 ವಾರ ತುಂಬಿದ ಮೇಲೆ ಸಿಸೇರಿಯನ್ ಮಾಡೋಣ ಎಂದು ಒಪ್ಪಿದರು. ಇಬ್ಬರೇ ಮಕ್ಕಳು ಸಾಕೆಂದು ನಾವಿಬ್ಬರೂ ನಿರ್ಧರಿಸಿದ್ದೇವೆ. ಅತ್ತೆಯವರಿಗೆ ಯಜಮಾನರೇ ಹೇಳಿದರು. ಟೆಲಿ ಮಾನಸ್‌ಗೂ ಕರೆ ಮಾಡಿ ಮಾತನಾಡಿದೆ. ಈಗ ಉಳಿದಿರುವುದು ಒಂದೇ ಆತಂಕ: ನಿಗದಿಯಾದ ದಿನಕ್ಕಿಂತ ಮೊದಲೇ ನಡುರಾತ್ರಿ ನೋವು ಬಂದುಬಿಟ್ಟರೆ?

ಉತ್ತರ: ನಿವೃತ್ತ ಶುಶ್ರೂಷಾಧಿಕಾರಿ, ಚಿತ್ರದುರ್ಗ

ಬಹಳ ಸಂತೋಷವಾಯಿತು ತಂಗಿ. ನೋವು ಮೊದಲೇ ಬರುವುದು ಅಪರೂಪವೇನಲ್ಲ, ಆದ್ದರಿಂದ ಅದಕ್ಕೂ ವೈದ್ಯೆಯ ಕೈಯಲ್ಲೇ ಒಂದು ಟಿಪ್ಪಣಿ ಬರೆಸಿಕೊಳ್ಳಿ: ಹಿಂದೆ ಮೂರನೆಯ ದರ್ಜೆಯ ಹರಿತ, ಸಿಸೇರಿಯನ್ ನಿರ್ಧಾರವಾಗಿದೆ, ನೋವಿನಲ್ಲಿ ಬಂದರೆ ಕೂಡಲೇ ತಿಳಿಸುವುದು. ನೋವು ಅಥವಾ ನೀರು ಹೋಗುವುದು ಕಂಡೊಡನೆ ಏನನ್ನೂ ತಿನ್ನದೆ ಹೊರಡಿ, ಮನೆಯಲ್ಲಿ ಕಾಯಬೇಡಿ. ನೀವು ತಲುಪುವಷ್ಟರಲ್ಲಿ ಕೂಸಿನ ತಲೆ ಬಹಳ ಕೆಳಗಿಳಿದಿದ್ದರೆ ನಾರ್ಮಲ್ ಹೆರಿಗೆಯೇ ಸುರಕ್ಷಿತವೆಂದು ಅವರು ಹೇಳಬಹುದು. ಆಗ ಯಾರು ಜೊತೆಗಿರಬೇಕು, ಹೊಟ್ಟೆ ಒತ್ತಬಾರದು, ಪ್ರತಿಯೊಂದನ್ನೂ ಹೇಳಿ ಮಾಡಬೇಕು ಎಂಬುದನ್ನೂ ಅದೇ ಟಿಪ್ಪಣಿಯಲ್ಲಿ ಸೇರಿಸಿ. ರಕ್ತದ ಗುಂಪು ಮತ್ತು ಹಿಮೋಗ್ಲೋಬಿನ್ ವರದಿಯ ಜೊತೆಗೆ ಆ ಹಾಳೆಯನ್ನು ತಾಯಿ ಕಾರ್ಡಿನ ಮುಂಭಾಗಕ್ಕೆ ಪಿನ್ ಮಾಡಿ, ಏಕೆಂದರೆ ರಾತ್ರಿ ಪಾಳಿಯಲ್ಲಿ ಬರುವವರು ನಿಮ್ಮನ್ನು ಹಿಂದೆಂದೂ ನೋಡಿರುವುದಿಲ್ಲ, ಅವರು ಮೊದಲು ಕೈಗೆತ್ತಿಕೊಳ್ಳುವುದು ಆ ಕಾರ್ಡನ್ನೇ.