ಸೆಕೆಂಡ್ಸ್ ಗಾಡಿ ಇಟ್ಕೊಳ್ಳೋದಾ, ವಾಪಸ್ ಕೊಡೋದಾ? ಮೆಕ್ಯಾನಿಕ್ ಹತ್ರ ಕೇಳಿ

ಅಡ್ಮಿನ್: ಇವತ್ತು ಸಂಜೆ ನಮ್ಮ ಗ್ರೂಪಿನ ಮೆಕ್ಯಾನಿಕ್ ಅಣ್ಣ ಸಿಗ್ತಾರೆ. ಈಗಷ್ಟೇ ಹಳೇ ಗಾಡಿ ತಗೊಂಡು ಒದ್ದಾಡ್ತಿರೋರು ಇಲ್ಲೇ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕ್ಬೇಡಿ.

ಹಾಸನ: ಅಣ್ಣ, ವ್ಯಾಗನ್ ಆರ್ ತಗೊಂಡು ಒಂದು ವಾರ ಆಯ್ತು. ಶಿರಾಡಿ ಹತ್ತುವಾಗ ಆಕ್ಸಿಲರೇಟರ್ ಒತ್ತಿದ್ರೆ ಸೌಂಡ್ ಏರುತ್ತೆ, ಸ್ಪೀಡ್ ಏರಲ್ಲ. ಸುಟ್ಟ ವಾಸನೆ ಬೇರೆ. ವಾಪಸ್ ಕೊಡ್ಲಾ?

ಮೆಕ್ಯಾನಿಕ್: ಕ್ಲಚ್ ಪ್ಲೇಟ್ ಮುಗಿದಿರೋ ಹಾಗಿದೆ. ಅದೊಂದಕ್ಕೆ ವಾಪಸ್ ಬೇಡ. ಕ್ಲಚ್ ಸೆಟ್‌ಗೆ ಲೇಬರ್ ಸೇರಿಸಿ ಕೊಟೇಷನ್ ಬರೆಸ್ಕೊಂಡು ಮಾರಿದೋರ ಹತ್ರ ಅರ್ಧನಾದ್ರೂ ಕೇಳಿ.

ತುಮಕೂರು: ಸರ್ ಮೀಟರ್ 42 ಸಾವಿರ ತೋರಿಸ್ತಿದೆ, ಆದ್ರೆ ಬ್ರೇಕ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದೆ. ಕಿಲೋಮೀಟರ್ ತಿರುಗಿಸಿದಾರಾ ಹೇಗೆ ಗೊತ್ತಾಗುತ್ತೆ?

ಮೆಕ್ಯಾನಿಕ್: ಕಂಪನಿ ಸರ್ವಿಸ್ ಸೆಂಟರ್‌ಗೆ ಹೋಗಿ ಸರ್ವಿಸ್ ಹಿಸ್ಟರಿ ಕೇಳಿ. ಹಿಂದಿನ ಸರ್ವಿಸಲ್ಲಿ ಬರ್ದಿರೋದು ಈಗಿನದಕ್ಕಿಂತ ಜಾಸ್ತಿ ಇದ್ರೆ ಇನ್ನೇನು ಸಾಕ್ಷಿ ಬೇಕು.

ದಾವಣಗೆರೆ: ಅಣ್ಣ ನಮಸ್ಕಾರ. ಬೆಂಗಳೂರಿನ ಡೀಲರ್ ಹತ್ರ 2019ರ ಪೆಟ್ರೋಲ್ ಕಾರು ತಗೊಂಡೆ, 7 ದಿನದೊಳಗೆ ವಾಪಸ್ ಕೊಡ್ಬೋದು ಅಂತ ಅಗ್ರಿಮೆಂಟಲ್ಲಿ ಇದೆ, ಇವತ್ತಿಗೆ 5ನೇ ದಿನ. ಓಡೋದು ಚೆನ್ನಾಗೇ ಓಡುತ್ತೆ. ಆದ್ರೆ ಗ್ಲಾಸ್ ಏರಿಸಿ ನಿಲ್ಸಿದ್ರೆ ಬೆಳಿಗ್ಗೆ ಮುಗ್ಗಲು ವಾಸನೆ, ಎಡಗಡೆ ಕಾರ್ಪೆಟ್ ಒದ್ದೆ, ಏರ್‌ಬ್ಯಾಗ್ ಲೈಟ್ ಒಮ್ಮೊಮ್ಮೆ ಹತ್ತಿ ಆರ್ತಿದೆ. ಡೀಲರು ಮಳೆಗಾಲದಲ್ಲಿ ಇದೆಲ್ಲ ಮಾಮೂಲಿ ಅಂತಾರೆ. ಮನೇಲಿ ಎಲ್ರಿಗೂ ಗಾಡಿ ಇಷ್ಟ ಆಗಿದೆ.

ಮಂಡ್ಯ: ಕರ್ಪೂರ, ಕಾಫಿ ಪುಡಿ ಬಟ್ಟೇಲಿ ಕಟ್ಟಿ ಸೀಟ್ ಕೆಳಗೆ ಇಡಿ, ಮೂರೇ ದಿನದಲ್ಲಿ ವಾಸನೆ ಮಾಯ. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬಂದಿತ್ತು.

ಮೆಕ್ಯಾನಿಕ್: ದಾವಣಗೆರೆಯವರೇ, ಕರ್ಪೂರ ಇಡ್ಬೇಡಿ. ವಾಸನೆ ಮುಚ್ಚಿ ಏನು ಮಾಡ್ತೀರಾ, ಅದೂ ಒಂದು ಸುಳಿವೇ. ಎಡಗಡೆ ಮುಂದೆ ಮಾತ್ರ ಒದ್ದೆ ಇದ್ರೆ ಏಸಿ ಡ್ರೈನ್ ಪೈಪ್ ಕಟ್ಟಿರ್ಬೋದು, ಅದು ಚಿಲ್ಲರೆ ಕೆಲಸ. ಆದ್ರೆ ಏರ್‌ಬ್ಯಾಗ್ ಲೈಟ್ ಅಂದ್ರಲ್ಲ, ಅದು ನಂಗೆ ಹಿಡಿಸ್ತಿಲ್ಲ. ಈಗ್ಲೇ ಹೋಗಿ ಸೀಟ್ ಬೆಲ್ಟ್ ಕೊನೇವರೆಗೂ ಎಳೀರಿ, ಒಳಗಿಂದ ಬರೋ ಭಾಗದಲ್ಲಿ ಕಂದು ಗೆರೆ ಇದ್ಯಾ ನೋಡಿ. ಕಾರ್ಪೆಟ್ ಶಾಂಪೂ ಹಾಕಿ ತೊಳೀತಾರೆ, ಬೆಲ್ಟಿನ ಒಳತುದಿ ಯಾರೂ ತೊಳೆಯಲ್ಲ. ಡಿಕ್ಕಿಲಿ ಸ್ಟೆಪ್ನಿ ತೆಗೆದು ಆ ಗುಂಡಿಲಿ ನುಣ್ಣನೆ ಮಣ್ಣು ಕೂತಿದ್ಯಾ, ಸೀಟ್ ರೈಲ್ ಬೋಲ್ಟ್ ತುಕ್ಕು ಹಿಡಿದಿದ್ಯಾ ನೋಡಿ. ನೀವೇನೂ ಬಿಚ್ಚಬೇಡಿ, ಬರೀ ಫೋಟೋ ತೆಗೀರಿ.

ಬಳ್ಳಾರಿ: ಅಣ್ಣ ಕಿಲೋಮೀಟರ್ ತಿರುಗಿಸಿದ್ರೆ ಹೆಂಗ್ ಗೊತ್ತಾಗತ್ತೆ?

ಮೆಕ್ಯಾನಿಕ್: ಮೇಲೆ ಹೇಳಿದೀನಿ.

ಹುಬ್ಬಳ್ಳಿ: ಇವ್ರೆಲ್ಲಾ ಬೆಂಗ್ಳೂರಾಗ ಸುಮ್ನ ರೊಕ್ಕಾ ಸುರೀತಾರ ನೋಡ್ರಿ. ನಾ ದಿಲ್ಲಿ ಗಾಡಿ ತಂದೇನಿ, ಡೀಸೆಲ್ಲು, ಅರ್ಧಾ ರೇಟಿಗೆ ಸಿಕ್ಕೈತಿ.

ಮೈಸೂರು: ಕೆಎ ನಂಬರ್ ಆಯ್ತಾ? ಅಲ್ಲಿ ಡೀಸೆಲ್‌ಗೆ 10 ವರ್ಷ ಮಾತ್ರ ಅಂತ ರೂಲ್ಸ್ ಬಂದಿದ್ದಕ್ಕೇ ಅವೆಲ್ಲ ಇಲ್ಲಿಗೆ ಬರ್ತಿರೋದು. ಅಲ್ಲಿನ ಆರ್‌ಟಿಒ ಹತ್ರ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ತಂದು ಇಲ್ಲಿ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಿದ್ಮೇಲೆ ಅರ್ಧ ರೇಟ್ ಲೆಕ್ಕ ಹೇಳಿ.

ಹುಬ್ಬಳ್ಳಿ: ಏಜೆಂಟ್ ಮಾಡಿಸ್ತೀನಿ ಅಂದಾನ. ನಿಮಗ್ಯಾಕ ಹೊಟ್ಟಿ ಉರಿ?

ಮೈಸೂರು: ಏಜೆಂಟ್ ಅಂದಾನಂತೆ! ಚೆಕ್ ಪೋಸ್ಟಲ್ಲಿ ಹಿಡಿದಾಗ ಅವನಿಗೇ ಫೋನ್ ಮಾಡಿ.

ಹುಬ್ಬಳ್ಳಿ: ನಿಮ್ಮ ಪರ್ಮಿಶನ್ ಕೇಳಿ ಗಾಡಿ ತಗೋಬೇಕೇನ್ರಿ?

ಶಿವಮೊಗ್ಗ: ಇಬ್ರೂ ಪ್ರೈವೇಟಲ್ಲಿ ಜಗಳ ಆಡ್ಕೊಳ್ಳಿ. ಮೆಕ್ಯಾನಿಕ್ ಸರ್, ಡೀಸೆಲ್ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರುತ್ತೆ, ಇಟ್ಕೊಳ್ಳೋದಾ?

ದಾವಣಗೆರೆ: ಅಣ್ಣ, ಬೆಲ್ಟಲ್ಲಿ ಗೆರೆ ಇದೆ. ಸ್ಟೆಪ್ನಿ ಗುಂಡಿಲಿ ಮಣ್ಣು. ಹಿಂದಿನ ಸೀಟ್ ಕೆಳಗೂ ತೇವ ಇದೆ. ಫೋಟೋ ಹಾಕಿದೀನಿ. ಡೀಲರು ಈಗ ಫ್ರೀಯಾಗಿ ಇಂಟೀರಿಯರ್ ಕ್ಲೀನಿಂಗ್ ಮಾಡ್ಸಿ ಕೊಡ್ತೀವಿ, ಸೆನ್ಸರ್ ಚೇಂಜ್ ಮಾಡ್ತೀವಿ, ಎರಡು ದಿನ ಗಾಡಿ ಬಿಡಿ ಅಂತಿದಾರೆ.

ಮೆಕ್ಯಾನಿಕ್: ಬಿಡ್ಬೇಡಿ. ಆ ಎರಡು ದಿನ ಮುಗಿಯೋಷ್ಟರಲ್ಲಿ ನಿಮ್ಮ 7 ದಿನ ಮುಗಿದಿರುತ್ತೆ. ಫೋಟೋ ನೋಡಿದೆ, ಇದು ನೀರಲ್ಲಿ ನಿಂತ ಗಾಡಿನೇ. 2022ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಬೆಳ್ಳಂದೂರು ಯಮಲೂರು ಕಡೆ ಗಾಡಿಗಳು ಮುಳುಗಿದ್ವಲ್ಲ, ಆಮೇಲೆ ನಾನೂ ಅಂಥವು ಬಿಚ್ಚಿದೀನಿ. ರಿಪೇರಿ ಖರ್ಚು ಐಡಿವಿಯ (ಪಾಲಿಸೀಲಿ ಬರೆದಿರೋ ಗಾಡಿ ಬೆಲೆ) 75% ದಾಟಿದ್ರೆ ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಮಾಡಿ ದುಡ್ಡು ಕೊಡ್ತಾರೆ, ಆ ಗಾಡಿ ಹರಾಜಲ್ಲಿ ಹೋಗಿ ತೊಳೆಸ್ಕೊಂಡು ಪಾಲಿಶ್ ಹೊಡೆಸ್ಕೊಂಡು ಮತ್ತೆ ರಸ್ತೆಗೆ ಬರೋದೂ ಇದೆ. ಇಂಜಿನ್ ಉಳಿದಿರ್ಬೋದು, ಅದಕ್ಕೇ ಚೆನ್ನಾಗಿ ಓಡ್ತಿದೆ. ತೊಂದರೆ ವೈರಿಂಗಲ್ಲಿ. ಕನೆಕ್ಟರ್ ಒಳಗೆ ತಾಮ್ರ ಕಿಲುಬು ಹಿಡಿಯುತ್ತೆ, ಇವತ್ತು ಲೈಟು ನಾಳೆ ಪವರ್ ವಿಂಡೋ ಆಮೇಲೆ ಸ್ಟೀರಿಂಗು. ಏರ್‌ಬ್ಯಾಗ್ ಮಾಡ್ಯೂಲ್, ಅಂದ್ರೆ ಏರ್‌ಬ್ಯಾಗ್ ತೆರೆಸೋ ಕಂಟ್ರೋಲ್ ಬಾಕ್ಸ್, ಸಾಮಾನ್ಯವಾಗಿ ಗೇರ್ ಹತ್ರ ನೆಲದ ಮೇಲೇ ಕೂತಿರುತ್ತೆ, ನೀರು ಬಂದ್ರೆ ಮೊದಲು ನೆನೆಯೋದು ಅದೇ. ಆಕ್ಸಿಡೆಂಟ್ ಆದಾಗ ಏರ್‌ಬ್ಯಾಗ್ ತೆರೆಯದೇ ಇರ್ಬೋದು. ಮನೆಯವರಿಗೆ ಇಷ್ಟ ಆಗಿದೆ ಅಂದ್ರಲ್ಲ, ಅದೇ ಮನೆಯವರು ಕೂರೋ ಗಾಡಿ ಇದು. ಇವತ್ತೇ ಫೋಟೋ ಸಮೇತ ಇಮೇಲ್ ಮಾಡಿ ವಾಪಸ್ ಕೊಡ್ತಿದೀನಿ ಅಂತ ಬರೀರಿ, ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಹಳೇ ಇನ್ಶೂರೆನ್ಸ್ ಪಾಲಿಸಿ ಕಾಪಿ ಕೇಳಿ, ಅದ್ರಲ್ಲಿ ಎನ್‌ಸಿಬಿ (ಕ್ಲೇಮ್ ಮಾಡದಿದ್ರೆ ಸಿಗೋ ರಿಯಾಯಿತಿ) ಸೊನ್ನೆಗೆ ಇಳಿದಿದ್ರೆ ಯಾಕೆ ಕ್ಲೇಮ್ ಆಗಿತ್ತು ಅಂತಾನೂ ಕೇಳಿ. ಆರ್‌ಸಿ ನಿಮ್ಮ ಹೆಸರಿಗೆ ಆಗಿದ್ಯಾ?

ದಾವಣಗೆರೆ: ಇನ್ನೂ ಆಗಿಲ್ಲ ಅಣ್ಣ. ಪೇಪರಿಗೆ ಸೈನ್ ಮಾತ್ರ ಹಾಕಿದೀನಿ.

ಮೆಕ್ಯಾನಿಕ್: ಒಳ್ಳೇದಾಯ್ತು. ಟ್ರಾನ್ಸ್‌ಫರ್ ನಿಲ್ಸಿ ಅಂತ ಅದೇ ಇಮೇಲಲ್ಲಿ ಬರೀರಿ. ಡೀಲರ್ ಒಪ್ಪದಿದ್ರೆ 1915ಕ್ಕೆ ಫೋನ್ ಮಾಡಿ, ಗ್ರಾಹಕರ ಸಹಾಯವಾಣಿ ಅದು.

ಕೋಲಾರ: ನಾನು ಓನರ್ ಕೈಯಿಂದಾನೇ ತಗೊಂಡಿದ್ದು, ನಂಗೂ 7 ದಿನ ಇರುತ್ತಾ? ರೇಡಿಯೇಟರ್ ಲೀಕ್ ಇದೆ.

ಮೆಕ್ಯಾನಿಕ್: ಇರಲ್ಲ. ಬರೆಸ್ಕೊಂಡಿದ್ರೆ ಮಾತ್ರ.

ಮಂಡ್ಯ: ರೇಡಿಯೇಟರ್ ಲೀಕ್‌ಗೆ ಅರಿಶಿನ ಪುಡಿ ಹಾಕಿ, ನಿಲ್ಲುತ್ತೆ. ನಮ್ಮಜ್ಜ ಲಾರಿಲಿ ಇದೇ ಮಾಡ್ತಿದ್ರು.

ಮೆಕ್ಯಾನಿಕ್: ಸ್ವಾಮಿ, ಅಜ್ಜನ ಕಾಲದಲ್ಲಿ ಊರು ಮುಟ್ಟೋಕೆ ಬೇರೆ ದಾರಿ ಇರ್ಲಿಲ್ಲ. ಈಗಿನ ರೇಡಿಯೇಟರ್ ಟ್ಯೂಬು, ಹೀಟರ್ ಕೋರ್ ಎಲ್ಲ ಸಣ್ಣ. ಪುಡಿ ಅಲ್ಲೇ ಕಟ್ಕೊಂಡು ಇಂಜಿನ್ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಅರಿಶಿನ ಸಾರಿಗೆ ಹಾಕಿ. ಇನ್ನೊಂದು ಫಾರ್ವರ್ಡ್ ಬಂದ್ರೆ ನಾನು ಉತ್ತರ ಕೊಡಲ್ಲ.

ಮಂಡ್ಯ: ಒಳ್ಳೇದಕ್ಕೆ ಹೇಳಿದ್ರೆ ಹಿಂಗಾ. ಎಲ್ಲಾ ಗ್ಯಾರೇಜ್‌ನವರಿಗೂ ಬಿಲ್ ಮಾಡೋದೇ ಯೋಚನೆ.

ಮೈಸೂರು: ಹುಬ್ಬಳ್ಳಿಯವ್ರು ಟ್ಯಾಕ್ಸ್ ಎಷ್ಟಾಯ್ತು ಅಂತ ಹೇಳ್ಲೇ ಇಲ್ಲ 😂

ಹುಬ್ಬಳ್ಳಿ: ನಿಮ್ಮ ಮನ್ಯಾಗಿಂದ ಕಟ್ಟಂಗಿಲ್ಲಲ್ಲ, ಸುಮ್ನ ಕುಂದ್ರ್ರಿ.

ಅಡ್ಮಿನ್: ಹುಬ್ಬಳ್ಳಿ, ಮೈಸೂರು ಇಬ್ರಿಗೂ ಕೊನೇ ವಾರ್ನಿಂಗ್.

ಚಿತ್ರದುರ್ಗ: ಸರ್ ಕಿಲೋಮೀಟರ್ ತಿರುಗಿಸಿರೋದು ಪತ್ತೆ ಹಚ್ಚೋಕೆ ಆ್ಯಪ್ ಇದ್ಯಾ?

ಮೆಕ್ಯಾನಿಕ್: ಸ್ಕ್ರೋಲ್ ಮಾಡಿ.

ದಾವಣಗೆರೆ: ಅಣ್ಣ ಇಮೇಲ್ ಹಾಕ್ದೆ. ವಾಪಸ್ ತಗೋತೀವಿ, ಆದ್ರೆ ಟೋಕನ್ ಅಡ್ವಾನ್ಸ್ 10 ಸಾವಿರ ವಾಪಸ್ ಕೊಡಲ್ಲ ಅಂತಾರೆ. ನಾಳೆ ಬೆಂಗಳೂರಿಗೆ ಓಡಿಸ್ಕೊಂಡು ಹೋಗ್ಲಾ?

ಮೆಕ್ಯಾನಿಕ್: ಟೋಕನ್ ಬಗ್ಗೆ ಅಗ್ರಿಮೆಂಟಲ್ಲಿ ಏನಿದೆ ನೋಡಿ, ಇಲ್ಲದಿದ್ರೆ ಕೇಳಿ ಪಡೀರಿ. ಗಾಡಿ ಓಡಿಸ್ಬೇಡಿ, ಏರ್‌ಬ್ಯಾಗ್ ನಂಬೋ ಹಾಗಿಲ್ಲ, ಹೈವೇಲಿ ವೈರಿಂಗ್ ಕೈಕೊಟ್ರೆ ಕಷ್ಟ. ಪಿಕಪ್ ಅವ್ರೇ ಮಾಡ್ಲಿ ಅಂತ ಬರೀರಿ. ಕೀ ಕೊಡೋವಾಗ ದಿನಾಂಕ, ಟೈಮು, ಮೀಟರ್ ರೀಡಿಂಗ್ ಬರೆದಿರೋ ರಸೀದಿಗೆ ಸೈನ್ ಹಾಕಿಸ್ಕೊಳ್ಳಿ. ನಾನು ಹೊರಟೆ, ಎರಡು ಗಾಡಿ ಬಿಚ್ಚಿಟ್ಟಿದೀನಿ.

ಶಿವಮೊಗ್ಗ: ಸರ್ ನನ್ನ ನೀಲಿ ಹೊಗೆ?